ಕಾಕಟೀಲ್ ದನಿ ಬದಲಾದರೆ: ಕೂಗುತ್ತಿಲ್ಲವೋ, ಕೂಗಲಾಗುತ್ತಿಲ್ಲವೋ?

ಬೆಳಗಾದರೆ ಶಿಳ್ಳೆ ಹೊಡೆದು ಮನೆಮಂದಿಯನ್ನೆಲ್ಲ ಎಬ್ಬಿಸುತ್ತಿದ್ದ ಕಾಕಟೀಲ್ ಗಿಳಿ ಒಂದು ದಿನ ಬಾಯಿಯೇ ಬಿಡುವುದಿಲ್ಲ. ಇನ್ನೊಂದು ಮನೆಯಲ್ಲಿ ತನ್ನ ಪಾಡಿಗೆ ತಾನಿದ್ದ ಹಕ್ಕಿ ವಾರದಿಂದ ಗಂಟಲು ಹರಿದುಹೋಗುವಂತೆ ಕಿರುಚುತ್ತಿದೆ. ಮತ್ತೊಂದು ಕಡೆ ಹಕ್ಕಿ ಕೂಗುವುದೇನೋ ಕೂಗುತ್ತದೆ, ಆದರೆ ದನಿ ಒಡೆದಿದೆ. ಸಾಕಿದವರಿಗೆ ಮೊದಲು ಹೊಳೆಯುವುದು ‘ಯಾಕೋ ಬೇಜಾರಾಗಿದೆ’ ಅನ್ನುವ ಮಾತು. ಕೆಲವು ಸಲ ಅದು ನಿಜವೂ ಹೌದು. ಕೆಲವು ಸಲ ಆ ಒಂದು ಮಾತಿನಿಂದಲೇ ನಾಲ್ಕು ದಿನ ತಡವಾಗಿ, ಹಕ್ಕಿ ಕೈತಪ್ಪುತ್ತದೆ.

ಎಲ್ಲಕ್ಕಿಂತ ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಒಂದಿದೆ. ಕೂಗು ಹೆಚ್ಚುಕಡಿಮೆ ಆಗುವುದು ಬೇರೆ, ದನಿಯೇ ಕೆಡುವುದು ಬೇರೆ. ಎಷ್ಟು ಕೂಗುತ್ತದೆ ಅನ್ನುವುದು ಬದಲಾದರೆ ಕಾರಣ ಬಹಳಷ್ಟು ಸಲ ಪಂಜರದ ಹೊರಗಿರುತ್ತದೆ: ಬೆಳಕು, ನಿದ್ದೆ, ವಯಸ್ಸು, ಮನೆಗೆ ಬಂದ ಹೊಸಬರು. ದನಿಯ ಗುಣವೇ ಬದಲಾಗಿ ಗೊಗ್ಗರಾದರೆ, ಕೀಚಲಾದರೆ, ಸದ್ದಿಲ್ಲದೆ ಬರೀ ಕೊಕ್ಕು ಆಡಿದರೆ, ಕಾರಣ ಹಕ್ಕಿಯ ಎದೆಯೊಳಗಿದೆ ಎಂದೇ ಹಿಡಿಯಬೇಕು. ಎರಡನೆಯದರಲ್ಲಿ ಕಾದು ನೋಡುವ ಮಾತಿಲ್ಲ.

ಎಂಥ ಹಕ್ಕಿ ಇದು

ಕಾಕಟೀಲ್ ಆಸ್ಟ್ರೇಲಿಯಾದ ಒಳನಾಡಿನ ಒಣಭೂಮಿಯ ಹಕ್ಕಿ. ಜುಟ್ಟಿನ ಗಿಳಿಗಳಾದ ಕಾಕಟೂ ಕುಟುಂಬದಲ್ಲಿ ಇದೇ ಅತಿ ಚಿಕ್ಕದು. ದೊಡ್ಡ ಹಕ್ಕಿಯ ತೂಕ ಸಾಮಾನ್ಯವಾಗಿ 80ರಿಂದ 100 ಗ್ರಾಂ. ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬದುಕುತ್ತದೆ. ನಮ್ಮ ಊರಿನ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಪೆಟ್ ಅಂಗಡಿಗಳಲ್ಲಿ ಕಾಣುವುದು ಲವ್‌ಬರ್ಡ್ಸ್, ಕಾಕಟೀಲ್‌ನಂಥ ಹೊರದೇಶದ ಮೂಲದ ಹಕ್ಕಿಗಳೇ.

ಇದರ ಸ್ವಭಾವದಲ್ಲಿ ಎರಡು ಸಂಗತಿ ಮುಖ್ಯ. ಕಾಡಿನಲ್ಲಿ ಇದು ಹಿಂಡಿನಲ್ಲಿ ಅಲೆಯುವ ಹಕ್ಕಿ, ಒಂದನ್ನೊಂದು ಕೂಗಿ ಕರೆಯುತ್ತಲೇ ಇರುತ್ತದೆ. ಜೊತೆಗೆ ಇದು ಗಿಡುಗದ ಬಾಯಿಗೆ ಸಿಗುವ ಹಕ್ಕಿ. ಸೊರಗಿದಂತೆ ಕಂಡದ್ದನ್ನೇ ಗಿಡುಗ ಆರಿಸಿಕೊಳ್ಳುತ್ತದಾದ್ದರಿಂದ, ಕಾಯಿಲೆಯನ್ನು ಮುಚ್ಚಿಡುವುದು ಇದರ ಹುಟ್ಟುಗುಣ. ನಾವು ಎದುರು ನಿಂತಾಗ ಗರಿ ಬಿಗಿಹಿಡಿದು, ಕಣ್ಣರಳಿಸಿ ಚೆನ್ನಾಗಿಯೇ ಇರುವಂತೆ ತೋರಿಸಿಕೊಳ್ಳುತ್ತದೆ. ನಾವು ಆಚೆ ಹೋದ ಮೇಲೆ ಮತ್ತೆ ಮುದುರುತ್ತದೆ. ಅದಕ್ಕೇ ಕಣ್ಣಿಗೆ ಏನೂ ಕಾಣದಿದ್ದಾಗಲೂ ಕಿವಿಗೆ ಮೊದಲು ಗೊತ್ತಾಗುವುದುಂಟು.

ದನಿ ಹುಟ್ಟುವ ಜಾಗ

ನಮ್ಮ ಧ್ವನಿಪೆಟ್ಟಿಗೆ ಗಂಟಲಿನ ಮೇಲ್ಭಾಗದಲ್ಲಿದೆ. ಹಕ್ಕಿಯದ್ದು ಅಲ್ಲಿಲ್ಲ. ಶ್ವಾಸನಾಳ ಕೆಳಗಿಳಿದು ಎರಡು ಕವಲಾಗುವ ಕಡೆ, ಎದೆಗೂಡಿನ ಒಳಗೆ, ಸಿರಿಂಕ್ಸ್ ಎಂಬ ಪುಟ್ಟ ಅಂಗವಿದೆ. ಗಿಳಿಜಾತಿಯಲ್ಲಿ ಅದರ ಎರಡು ಪಕ್ಕಕ್ಕೂ ಒಂದೊಂದು ತೆಳುಪೊರೆ. ಉಸಿರು ಹೊರಬರುವಾಗ ಆ ಪೊರೆಗಳು ಅದುರಿ ಸದ್ದಾಗುತ್ತದೆ. ಸುತ್ತಲಿನ ಸಣ್ಣ ಸ್ನಾಯುಗಳು ಪೊರೆಯನ್ನು ಬಿಗಿದು ಸಡಿಲಿಸಿ ಸ್ವರ ಏರಿಳಿಸುತ್ತವೆ.

ಇನ್ನು ಗಾಳಿ. ಹಕ್ಕಿಯ ಶ್ವಾಸಕೋಶ ನಮ್ಮದರಂತೆ ಉಬ್ಬಿ ಕುಗ್ಗುವುದಿಲ್ಲ. ಎದೆ, ಹೊಟ್ಟೆಗಳಲ್ಲಿ ಹರಡಿಕೊಂಡ ಗಾಳಿಚೀಲಗಳು ಗಾಳಿಯನ್ನು ಎಳೆದು ಶ್ವಾಸಕೋಶದ ಮೂಲಕ ದಾಟಿಸುತ್ತವೆ. ಹಾರ್ಮೋನಿಯಂ ನೆನಪಿಸಿಕೊಳ್ಳಿ: ಗಾಳಿಚೀಲವೇ ತಿದಿ, ಸಿರಿಂಕ್ಸೇ ರೀಡು. ತಿದಿ ಒತ್ತುವ ಕೈಗೆ ಬಲವಿಲ್ಲದಿದ್ದರೆ ಸ್ವರ ಸಣ್ಣದಾಗುತ್ತದೆ, ರೀಡಿಗೆ ಕಸ ಕೂತರೆ ಸ್ವರ ಒಡೆಯುತ್ತದೆ. ಹಕ್ಕಿಯಲ್ಲೂ ಅಷ್ಟೇ. ನಿತ್ರಾಣವಾದಾಗ ಕೂಗು ಕ್ಷೀಣಿಸುತ್ತದೆ. ಸಿರಿಂಕ್ಸ್ ಬಳಿ ಊತ, ಗಂಟು, ಕಸ ಏನೇ ಇದ್ದರೂ ದನಿ ಕೆಡುತ್ತದೆ. ಅಲ್ಲಿನ ದಾರಿ ಎಷ್ಟು ಸಣ್ಣದೆಂದರೆ ದನಿ ಕೆಡುವುದಕ್ಕೂ ಉಸಿರು ಕಟ್ಟುವುದಕ್ಕೂ ನಡುವೆ ಹೆಚ್ಚು ಅಂತರವಿಲ್ಲ.

ಇನ್ನೊಂದು ವಿಷಯ. ಎದೆ, ಹೊಟ್ಟೆಗಳ ನಡುವೆ ಇದ್ದು ಉಸಿರಾಡಿಸುವ ವಪೆ ನಮಗಿರುವಂತೆ ಹಕ್ಕಿಗಿಲ್ಲ. ಎದೆಮೂಳೆ ಮುಂದಕ್ಕೆ ಹಿಂದಕ್ಕೆ ಆಡಿದರೆ ಮಾತ್ರ ಅದಕ್ಕೆ ಉಸಿರು. ಪರೀಕ್ಷಿಸುತ್ತೇನೆಂದು ಎದೆಯ ಸುತ್ತ ಮುಷ್ಟಿ ಬಿಗಿದರೆ ಕೊಕ್ಕು ತೆರೆದಿದ್ದರೂ ಉಸಿರಾಡಲು ಆಗುವುದಿಲ್ಲ.

ಮಾಮೂಲಿ ದನಿಗಳು ಯಾವುವು

ಬದಲಾವಣೆ ಗುರುತಿಸಬೇಕಾದರೆ ಮಾಮೂಲು ಗೊತ್ತಿರಬೇಕು. ನೀವು ಕೋಣೆಯಿಂದ ಹೊರಟ ಕೂಡಲೇ ಬರುವ ಜೋರಾದ ಒಂದೆರಡು ಕೂಗು ‘ಎಲ್ಲಿದ್ದೀಯ’ ಎಂದು ಹಿಂಡನ್ನು ಕರೆಯುವ ಕೂಗು. ಗಂಡು ಹಕ್ಕಿಯ ಹಾಡು ಬೇರೆ: ಉದ್ದನೆಯ ಶಿಳ್ಳೆ, ನಡುನಡುವೆ ಕಲಿತ ರಾಗದ ತುಣುಕು, ಜೊತೆಗೆ ರೆಕ್ಕೆಯನ್ನು ಬೆನ್ನಿನಿಂದ ತುಸು ಎತ್ತಿ ನಡೆಯುವುದು, ಕೊಕ್ಕಿನಿಂದ ಕಟಕಟ ಕುಟ್ಟುವುದು. ಹೆಣ್ಣು ಸಾಮಾನ್ಯವಾಗಿ ಇಷ್ಟು ಹಾಡುವುದಿಲ್ಲ. ಹಾವಿನಂತೆ ಬುಸ್ ಎಂದರೆ ಹೆದರಿದೆ, ಹತ್ತಿರ ಬರಬೇಡ ಎಂದರ್ಥ. ರಾತ್ರಿ ಕಣ್ಣು ಅರೆಮುಚ್ಚಿ ಕರಕರ ಕೊಕ್ಕು ಮಸೆಯುವುದು ನೆಮ್ಮದಿಯ ಲಕ್ಷಣ. ಹೊಸಬರು ಇದನ್ನೇ ಗೊರಕೆಯ ಕಾಯಿಲೆ ಎಂದು ಗಾಬರಿಯಾಗುವುದುಂಟು.

ಮರಿಗಳದ್ದೊಂದು ವಿಶೇಷ ಸದ್ದಿದೆ. ತಲೆ ಕುಣಿಸುತ್ತ, ಒಂದೇ ಸಮನೆ, ರಾಗವಿಲ್ಲದ ಗೊಗ್ಗರು ಕೂಗು. ಅದು ತುತ್ತು ಬೇಡುವ ಕೂಗು. ತಾನಾಗಿ ತಿನ್ನಲು ಕಲಿತ ಮೇಲೆ ಇದು ನಿಲ್ಲುತ್ತದೆ. ಅಂಗಡಿಯಿಂದ ತಂದ ಎರಡು–ಮೂರು ತಿಂಗಳ ಮರಿ ಮತ್ತೆ ಹೀಗೆ ಕೂಗಲು ಶುರುಮಾಡಿದರೆ ಅದಕ್ಕೆ ಹೊಟ್ಟೆ ತುಂಬುತ್ತಿಲ್ಲ. ಕಾಳಿನ ಬಟ್ಟಲು ತುಂಬಿದಂತೆ ಕಾಣುತ್ತಿರುವುದು ಬರೀ ಹೊಟ್ಟಿರಬಹುದು. ಬಟ್ಟಲನ್ನು ಒಮ್ಮೆ ಊದಿ ನೋಡಿ. ಮರಿಗೆ ಇನ್ನೂ ಕೈತುತ್ತು ಬೇಕಾಗಿರುವುದೂ ಉಂಟು. ತೂಕ ಇಳಿಯುತ್ತಿದ್ದರೆ ಅದೇ ದಿನ ಪಶುವೈದ್ಯರನ್ನು ಕೇಳಬೇಕು.

ಹಕ್ಕಿ ಏಕೆ ಸುಮ್ಮನಾಗುತ್ತದೆ

ಹೊಸ ಮನೆಗೆ ಬಂದ ಹಕ್ಕಿ ಮೊದಲ ಕೆಲವು ದಿನ, ಒಮ್ಮೊಮ್ಮೆ ಎರಡು ವಾರದವರೆಗೂ, ಬಾಯಿ ಬಿಡುವುದಿಲ್ಲ. ಅದರ ಲೆಕ್ಕದಲ್ಲಿ ಹಿಂಡು ತಪ್ಪಿದೆ, ಜಾಗ ಗೊತ್ತಿಲ್ಲ. ಕಾಳು ತಿನ್ನುತ್ತಿದ್ದರೆ, ಹಿಕ್ಕೆ ಸರಿಯಾಗಿದ್ದರೆ ಅದರ ಪಾಡಿಗೆ ಬಿಡಿ. ಪಂಜರ ಅದೇ ಇದ್ದು ಜಾಗ ಬದಲಾದರೂ ಹೀಗಾಗಬಹುದು.

ಗರಿ ಉದುರುವ ಕಾಲವೂ ಮೌನದ ಕಾಲವೇ. ಪಂಜರದ ತಳದಲ್ಲಿ ಗರಿ ಬಿದ್ದಿರುತ್ತವೆ, ತಲೆ ಕುತ್ತಿಗೆಯ ಮೇಲೆ ಮುಳ್ಳಿನಂಥ ಹೊಸ ಗರಿ ಎದ್ದಿರುತ್ತವೆ. ಗರಿ ಕಟ್ಟಲು ಪ್ರೋಟೀನ್ ಬೇಕು, ಮೈ ತುರಿಸುತ್ತದೆ, ನಿದ್ದೆ ಜಾಸ್ತಿ, ಮುಟ್ಟಿದರೆ ಸಿಡುಕು. ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಬೇಯಿಸಿದ ಮೊಟ್ಟೆಯನ್ನು ಕಡಲೆಕಾಳಿನಷ್ಟು, ವಾರಕ್ಕೆ ಎರಡು ಸಲ ಕೊಡಬಹುದು. ಮೈಮೇಲೆ ನೀರು ತೆಳ್ಳಗೆ ಸಿಂಪಡಿಸಿದರೆ ತುರಿಕೆಗೆ ಹಾಯೆನಿಸುತ್ತದೆ.

ಬಾಲ್ಕನಿಯಲ್ಲಿ ಪಂಜರ ಇಡುವವರು ಆಕಾಶವನ್ನೂ ಒಮ್ಮೆ ನೋಡಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಮೇಲೆ ಹದ್ದು ಸುತ್ತುತ್ತಲೇ ಇರುತ್ತದೆ. ಕಾಗೆ ಬಂದು ಪಂಜರ ಕುಟುಕುತ್ತದೆ, ಕಿಟಕಿ ಕಟ್ಟೆಯ ಮೇಲೆ ಬೆಕ್ಕು ಕೂರುತ್ತದೆ. ಹೆದರಿದ ಕಾಕಟೀಲ್ ಮೊದಲು ಒಂದು ಎಚ್ಚರಿಕೆಯ ಕೂಗು ಹಾಕಿ, ಆಮೇಲೆ ಮೈ ಸಪೂರ ಮಾಡಿಕೊಂಡು, ಜುಟ್ಟು ನೆಟ್ಟಗೆ ನಿಲ್ಲಿಸಿ, ಕಲ್ಲಿನಂತೆ ಕೂರುತ್ತದೆ. ದಿನವೂ ಒಂದೇ ಹೊತ್ತಿಗೆ ಸುಮ್ಮನಾಗುತ್ತಿದ್ದರೆ ಕಾರಣ ಕಿಟಕಿಯಾಚೆ ಹುಡುಕಿ. ಪಂಜರದ ಹಿಂಬದಿ ಗೋಡೆಗೆ ತಾಗಿರಲಿ, ಮೇಲ್ಭಾಗಕ್ಕೆ ಬಟ್ಟೆ ಹೊದಿಸಿ.

ನಿದ್ದೆಗೆಟ್ಟ ಹಕ್ಕಿಯೂ ಮಂಕಾಗುತ್ತದೆ. ಇದಕ್ಕೆ ದಿನಕ್ಕೆ 10ರಿಂದ 12 ಗಂಟೆ ಕತ್ತಲೆ, ಸದ್ದಿಲ್ಲದ ಜಾಗ ಬೇಕು. ರಾತ್ರಿ ಹನ್ನೊಂದರವರೆಗೆ ಟಿವಿ ಓಡುವ ಹಾಲ್‌ನಲ್ಲಿ ಅದು ಸಿಗುವುದಿಲ್ಲ. ಪೂರಾ ಕತ್ತಲೂ ಇದಕ್ಕೆ ಆಗದು. ನಡುರಾತ್ರಿ ಏನೋ ಸದ್ದಾಗಿ ಬೆಚ್ಚಿಬಿದ್ದು ಪಂಜರದೊಳಗೆ ಪಟಪಟ ಬಡಿದುಕೊಳ್ಳುವ ಸ್ವಭಾವ ಕಾಕಟೀಲ್‌ಗಳಲ್ಲಿ ಹೆಚ್ಚು. ಒಂದು ಜೀರೋ ಬಲ್ಬು ಸಾಕು. ಬೆಳಗ್ಗೆ ಹಕ್ಕಿ ಮೌನವಾಗಿದ್ದು, ತಳದಲ್ಲಿ ರಕ್ತದ ಕಲೆ ಅಥವಾ ಮುರಿದ ಗರಿ ಕಂಡರೆ ರಾತ್ರಿ ಹೀಗಾಗಿದೆ ಎಂದು ತಿಳಿಯಿರಿ, ರೆಕ್ಕೆ ಪರೀಕ್ಷಿಸಿ.

ಜೊತೆ ಸಿಕ್ಕರೂ ಹೀಗೇ. ಒಂಟಿಯಾಗಿದ್ದಾಗ ನಿಮಗಾಗಿ ಹಾಡುತ್ತಿದ್ದ ಗಂಡು, ಹೆಣ್ಣು ಬಂದ ಮೇಲೆ ಹಾಡನ್ನು ಅವಳ ಕಡೆ ತಿರುಗಿಸುತ್ತದೆ. ಜೊತೆಗಾರ ಸತ್ತರೆ ಕೂಗಿ ಕೂಗಿ, ಆಮೇಲೆ ಸುಮ್ಮನಾಗುತ್ತದೆ. ಪಂಜರದಲ್ಲಿದ್ದ ಕನ್ನಡಿ ತೆಗೆದರೂ ಒಂಟಿ ಗಂಡಿಗೆ ಜೊತೆ ಹೋದಂತೆಯೇ.

ಹೆಣ್ಣು ಹಕ್ಕಿಯ ಮೌನವನ್ನು ಮಾತ್ರ ಎಂದೂ ಹಗುರವಾಗಿ ನೋಡಬೇಡಿ. ಗಂಡಿಲ್ಲದಿದ್ದರೂ ಕಾಕಟೀಲ್ ಹೆಣ್ಣು ಮೊಟ್ಟೆ ಇಡುತ್ತದೆ, ಸಾಮಾನ್ಯವಾಗಿ ದಿನ ಬಿಟ್ಟು ದಿನ ಒಂದರಂತೆ ನಾಲ್ಕರಿಂದ ಏಳು. ಕ್ಯಾಲ್ಸಿಯಂ ಸಾಲದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ. ಆಗ ಹಕ್ಕಿ ಕೂಗು ನಿಲ್ಲಿಸಿ, ಪಂಜರದ ತಳದಲ್ಲಿ ಕಾಲು ಅಗಲಿಸಿ ಕೂತು, ಬಾಲ ಮೇಲೆ ಕೆಳಗೆ ಆಡಿಸುತ್ತ ತಿಣುಕುತ್ತದೆ. ಇದು ಗಂಟೆಗಳ ಲೆಕ್ಕದ ತುರ್ತು. ಎಣ್ಣೆ ಹಚ್ಚುವುದು, ಹೊಟ್ಟೆ ಒತ್ತುವುದು ಮಾಡಿದರೆ ಮೊಟ್ಟೆ ಒಳಗೇ ಒಡೆಯುತ್ತದೆ. ಬೆಚ್ಚಗಿಟ್ಟು ನೇರ ಆಸ್ಪತ್ರೆಗೆ.

ಕಿರುಚಾಟ ಜಾಸ್ತಿಯಾದರೆ

ಮೊದಲು ವಯಸ್ಸು ಲೆಕ್ಕಹಾಕಿ. ಆರು ತಿಂಗಳಿಂದ ಒಂದು ವರ್ಷದೊಳಗೆ ಕಾಕಟೀಲ್ ಪ್ರಾಯಕ್ಕೆ ಬರುತ್ತದೆ. ಅಲ್ಲಿಯವರೆಗೆ ಚಿಂವ್‌ಗುಟ್ಟುತ್ತಿದ್ದ ಗಂಡು ಒಮ್ಮೆಲೇ ಗಂಟೆಗಟ್ಟಲೆ ಹಾಡಲು ತೊಡಗುತ್ತದೆ. ಬೂದು ಬಣ್ಣದ ಹಕ್ಕಿಯಾದರೆ ಮೊದಲ ಸಲ ಗರಿ ಉದುರಿದ ಮೇಲೆ ಗಂಡಿನ ಮುಖ ಹೊಳೆಯುವ ಹಳದಿಯಾಗುತ್ತದೆ, ಬಾಲದ ಅಡಿಯ ಅಡ್ಡಪಟ್ಟೆಗಳು ಮಾಯವಾಗುತ್ತವೆ. ಅಂಗಡಿಯವರು ಹೆಣ್ಣು ಎಂದು ಕೊಟ್ಟದ್ದು ಹಾಡತೊಡಗಿದರೆ ಆಶ್ಚರ್ಯ ಬೇಡ. ಲುಟಿನೋ (ಬಿಳಿ–ಹಳದಿ), ಪೈಡ್ (ಮಚ್ಚೆಮಚ್ಚೆ) ಬಣ್ಣದವುಗಳಲ್ಲಿ ಕಣ್ಣಂದಾಜಿನಲ್ಲಿ ಲಿಂಗ ಹೇಳುವುದು ಕಷ್ಟ. ಖಚಿತ ಬೇಕಿದ್ದರೆ ಕಿತ್ತ ಎಳೆಗರಿಯ ಡಿಎನ್‌ಎ ಪರೀಕ್ಷೆ ಇದೆ.

ಪ್ರಾಯದ ಹಕ್ಕಿಯ ಅಬ್ಬರಕ್ಕೆ ಗೊತ್ತಿಲ್ಲದೆ ನಾವೇ ಗಾಳಿ ಹಾಕುತ್ತಿರುತ್ತೇವೆ. ದಿನಕ್ಕೆ 14–15 ಗಂಟೆ ಬೆಳಕು, ಬೆನ್ನು ಸವರುವುದು, ಮಡಕೆ ಪೆಟ್ಟಿಗೆಯಂಥ ಕತ್ತಲೆ ಮೂಲೆ, ಹೊತ್ತುಹೊತ್ತಿಗೂ ಮೆತ್ತನೆಯ ಬಿಸಿ ತಿಂಡಿ. ಇವೆಲ್ಲ ‘ಗೂಡು ಕಟ್ಟುವ ಕಾಲ ಬಂತು’ ಎಂದು ಅದಕ್ಕೆ ಹೇಳುತ್ತವೆ. ಸಂಜೆ ಏಳಕ್ಕೆ ದೀಪ ಆರಿಸಿ, ಪೆಟ್ಟಿಗೆ ತೆಗೆದು, ತಲೆ ಕುತ್ತಿಗೆ ಮಾತ್ರ ಸವರಿದರೆ ಎರಡು ಮೂರು ವಾರದಲ್ಲಿ ತಗ್ಗುತ್ತದೆ.

ವಯಸ್ಸಾಗಲಿ ಬೆಳಕಾಗಲಿ ಕಾರಣವಲ್ಲದಿದ್ದರೆ ಉಳಿದದ್ದು ಕರೆಯುವ ಕೂಗು. ಮನೆಯಲ್ಲೇ ಕೆಲಸ ಮಾಡುತ್ತಿದ್ದವರು ಮತ್ತೆ ಆಫೀಸಿಗೆ ಹೊರಟಾಗ, ಮಕ್ಕಳ ರಜೆ ಮುಗಿದಾಗ ಇದು ಏರುತ್ತದೆ. ಹಕ್ಕಿ ಕಿರುಚುತ್ತದೆ, ಯಾರೋ ಒಳಗಿನಿಂದ ಓಡಿಬಂದು ‘ಸುಮ್ಮನಿರೋ’ ಎಂದು ಗದರುತ್ತಾರೆ. ಹಕ್ಕಿಗೆ ಬೇಕಿದ್ದುದು ಅದೇ: ಯಾರಾದರೂ ಬರಬೇಕು. ಗದರಿಕೆಯೂ ಅದಕ್ಕೆ ಉತ್ತರವೇ.

ಮದ್ದು ಹೀಗೆ. ಒಂದು ಚಿಕ್ಕ ಶಿಳ್ಳೆ ಗೊತ್ತುಮಾಡಿಕೊಳ್ಳಿ, ಎರಡು ಸ್ವರದ್ದಾದರೆ ಸಾಕು. ಕೋಣೆ ಬಿಡುವಾಗ ಅದನ್ನು ಹೊಡೆಯಿರಿ, ಅಡುಗೆಮನೆಯಿಂದಲೂ ಆಗಾಗ ಹೊಡೆಯಿರಿ. ಹಕ್ಕಿ ಅದೇ ಶಿಳ್ಳೆಯಲ್ಲಿ ಕರೆದರೆ ಕೂಡಲೇ ಓಗೊಡಿ. ಕಿರುಚಿದರೆ ಹೋಗಬೇಡಿ, ನೋಡಬೇಡಿ, ಮಾತಾಡಬೇಡಿ. ಐದು ಹತ್ತು ಸೆಕೆಂಡ್ ಸುಮ್ಮನಾದ ಕೂಡಲೇ ಹೋಗಿ ಒಂದು ಕಾಳು ಕೊಡಿ. ಮೊದಲ ಕೆಲವು ದಿನ ಕಿರುಚಾಟ ತಗ್ಗುವ ಬದಲು ಇನ್ನೂ ಜೋರಾಗುತ್ತದೆ, ಹಳೆಯ ಉಪಾಯ ಫಲಿಸದಿದ್ದಾಗ ಹಕ್ಕಿ ಅದನ್ನೇ ಹೆಚ್ಚಿಸಿ ನೋಡುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ. ಅಜ್ಜಿಯೋ ಪಕ್ಕದ ಮನೆಯವರೋ ‘ಪಾಪ’ ಎಂದು ಒಮ್ಮೆ ಓಡಿಬಂದರೆ, ಇಷ್ಟು ಜೋರಾಗಿ ಕೂಗಿದರೆ ಬರುತ್ತಾರೆ ಎಂದು ಕಲಿತುಬಿಡುತ್ತದೆ. ಮನೆಯವರೆಲ್ಲ ಒಂದೇ ನಿಯಮ ಹಿಡಿಯಬೇಕು.

ಕಿರುಚುವಾಗಲೆಲ್ಲ ಪಂಜರಕ್ಕೆ ಬಟ್ಟೆ ಮುಚ್ಚುವುದು ಸುಲಭವೆನಿಸಿದರೂ ಒಳ್ಳೆಯದಲ್ಲ. ಹಗಲು ಕತ್ತಲಾಗಿಸಿ ನಿದ್ದೆಯ ಲೆಕ್ಕ ಕೆಡಿಸಿದರೆ ಬೇರೆ ತೊಂದರೆ ಶುರುವಾಗುತ್ತದೆ.

ದನಿಯೇ ಕೆಟ್ಟರೆ

ದನಿ ಗೊಗ್ಗರಾಯಿತು, ಮೊದಲಿನ ಎತ್ತರದ ಸ್ವರ ಹತ್ತುತ್ತಿಲ್ಲ, ಉಸಿರಾಡುವಾಗ ಟಿಕ್ ಟಿಕ್ ಎಂದೋ ಸೀಟಿಯಂತೆಯೋ ಸದ್ದು ಬರುತ್ತಿದೆ ಎಂದಾದರೆ ಈ ಕೆಳಗಿನವುಗಳಲ್ಲಿ ಒಂದಿರುವ ಸಂಭವ ಹೆಚ್ಚು.

ನಿಮಿಷಗಳಲ್ಲಿ ಕೆಟ್ಟಿದ್ದರೆ: ಕಾಳು ಸಿಕ್ಕಿಕೊಂಡಿರಬಹುದು. ನವಣೆಯಂಥ ದುಂಡನೆಯ ಸಣ್ಣ ಕಾಳು ಶ್ವಾಸನಾಳಕ್ಕೆ ಜಾರುವುದು ಕಾಕಟೀಲ್‌ಗಳಲ್ಲಿ ಪಶುವೈದ್ಯರಿಗೆ ಪರಿಚಿತ ಸಂಗತಿ. ತಿನ್ನುತ್ತಿದ್ದ ಹಕ್ಕಿ ತಟ್ಟನೆ ಕುತ್ತಿಗೆ ಚಾಚಿ, ಕೊಕ್ಕು ತೆರೆದು, ದನಿಯಿಲ್ಲದೆ ಒದ್ದಾಡುತ್ತದೆ. ನೀರು ಹಾಕಬೇಡಿ, ತಲೆಕೆಳಗು ಹಿಡಿದು ಕುಟ್ಟಬೇಡಿ. ತಿಳಿದ ವೈದ್ಯರು ಹಕ್ಕಿಯ ಪಕ್ಕೆಯಲ್ಲಿ ಗಾಳಿಚೀಲಕ್ಕೇ ಸಣ್ಣ ಕೊಳವೆ ಹಾಕಿ ಉಸಿರಿಗೆ ಬೇರೆ ದಾರಿ ಮಾಡಿಕೊಟ್ಟು, ಆಮೇಲೆ ಕಾಳು ತೆಗೆಯುತ್ತಾರೆ. ಉಸಿರಾಟದ ಈ ವಿಚಿತ್ರ ವ್ಯವಸ್ಥೆ ಇಲ್ಲಿ ಜೀವ ಉಳಿಸುತ್ತದೆ.

ದಿನಗಳಲ್ಲಿ ಕೆಟ್ಟಿದ್ದರೆ: ಸೋಂಕು. ಅದರಲ್ಲಿ ಹೆಸರಿಟ್ಟು ಹೇಳಬೇಕಾದದ್ದು ಸಿಟಕೋಸಿಸ್, ‘ಗಿಳಿಜ್ವರ’ ಎನ್ನಬಹುದು. ಕ್ಲಮೈಡಿಯಾ ಸಿಟಕಿ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತದೆ. ಕಣ್ಣು ಮೂಗು ಸೋರುವುದು, ಗರಿ ಉಬ್ಬಿಸಿ ಕೂರುವುದು, ಹಿಕ್ಕೆಯ ಬಿಳಿ ಭಾಗ ಹಸಿರು–ಹಳದಿಗೆ ತಿರುಗುವುದು ಇದರ ಗುರುತು. ಒಣಗಿದ ಹಿಕ್ಕೆಯ ದೂಳಿನಿಂದ ಮನುಷ್ಯರಿಗೂ ಹರಡುತ್ತದೆ. ಹಕ್ಕಿಗೆ ಡಾಕ್ಸಿಸೈಕ್ಲಿನ್ ಔಷಧವನ್ನು ವಾಡಿಕೆಯಂತೆ 45 ದಿನ ಕೊಡುತ್ತಾರೆ. ಹತ್ತು ದಿನಕ್ಕೆ ಹಕ್ಕಿ ಚುರುಕಾಯಿತೆಂದು ನಿಲ್ಲಿಸಿದರೆ ಸೋಂಕು ಉಳಿದುಬಿಡುತ್ತದೆ. ಕ್ಯಾಲ್ಸಿಯಂ ಈ ಔಷಧ ಮೈಗೆ ಹತ್ತದಂತೆ ತಡೆಯುವುದರಿಂದ, ಆ ದಿನಗಳಲ್ಲಿ ಕ್ಯಾಲ್ಸಿಯಂಗೆಂದು ಪಂಜರದಲ್ಲಿ ಸಿಕ್ಕಿಸುವ ಕಟಲ್‌ಬೋನ್ ತೆಗೆಯಬೇಕೇ ಎಂದು ವೈದ್ಯರನ್ನು ಕೇಳಿ.

ವಾರಗಳಲ್ಲಿ ಮೆಲ್ಲಗೆ ಕೆಟ್ಟಿದ್ದರೆ ಎರಡು ಅನುಮಾನ. ಒಂದು ಆಸ್ಪರ್‌ಜಿಲಸ್ ಎಂಬ ಬೂಷ್ಟು. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಯಲ್ಲಿ, ಕಾಳಿನ ಡಬ್ಬಿಗೆ ತೇವ ಹಿಡಿದರೆ, ಪಂಜರದ ತಳದ ಕಾಗದ ಒದ್ದೆಯಾಗಿಯೇ ಉಳಿದರೆ ಅದರ ಬೀಜಕಣ ಗಾಳಿಗೆ ಬರುತ್ತವೆ. ಅವು ನೆಲೆಯೂರಲು ಇಷ್ಟಪಡುವ ಜಾಗಗಳಲ್ಲಿ ಸಿರಿಂಕ್ಸ್ ಒಂದು. ಅಲ್ಲಿ ಸಣ್ಣ ಗಂಟು ಕಟ್ಟುತ್ತದೆ. ಹಕ್ಕಿ ತಿನ್ನುತ್ತಿರುತ್ತದೆ, ಹಾರುತ್ತಿರುತ್ತದೆ, ದನಿಯೊಂದೇ ಬದಲಾಗಿರುತ್ತದೆ. ಉಸಿರಿನ ತೊಂದರೆ ಕಾಣುವ ಹೊತ್ತಿಗೆ ಗಂಟು ದೊಡ್ಡದಾಗಿರುತ್ತದೆ. ‘ದನಿ ಮಾತ್ರ ಸ್ವಲ್ಪ ಹಾಗಿದೆ, ಉಳಿದದ್ದೆಲ್ಲ ಚೆನ್ನಾಗಿದೆ’ ಎಂಬ ಹಕ್ಕಿಯನ್ನೇ ಬೇಗ ತೋರಿಸಬೇಕು ಎನ್ನುವುದು ಇದಕ್ಕೇ. ಕಾಳನ್ನು ಒಮ್ಮೆಗೆ ಎರಡು ವಾರಕ್ಕಾಗುವಷ್ಟೇ ತನ್ನಿ, ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಬಿಸಿಲಿಗೆ ಹಾಕಿ ಉಳಿಸಿಕೊಳ್ಳಲು ಹೋಗದೆ ಚೆಲ್ಲಿ.

ಇನ್ನೊಂದು ವಿಟಮಿನ್ ಎ ಕೊರತೆ. ಬರೀ ನವಣೆ, ಸಜ್ಜೆ, ಸೂರ್ಯಕಾಂತಿ ಬೀಜ ತಿಂದುಕೊಂಡಿರುವ ಹಕ್ಕಿಗೆ ಇದು ಬರುತ್ತದೆ. ಶ್ವಾಸನಾಳದ, ಬಾಯಿಯ ಒಳಪದರ ಮೆತ್ತಗೆ ಒದ್ದೆಯಾಗಿರುವ ಬದಲು ದಪ್ಪಗಾಗಿ ಒರಟಾಗುತ್ತದೆ, ಸೋಂಕಿಗೆ ಬಾಗಿಲು ತೆರೆಯುತ್ತದೆ. ಬಾಯೊಳಗೆ ಬಿಳಿ ಚುಕ್ಕೆ ಕಾಣಬಹುದು. ಊಟಕ್ಕೆ ಸೇರಿಸಬೇಕಾದದ್ದು ನಮ್ಮ ಮಾರುಕಟ್ಟೆಯಲ್ಲೇ ಇದೆ: ತುರಿದ ಕ್ಯಾರೆಟ್, ಬೇಯಿಸಿದ ಸಿಹಿಗುಂಬಳ, ನುಗ್ಗೆಸೊಪ್ಪು, ಕೆಂಪು ದೊಣ್ಣೆಮೆಣಸು. ಕೆಂಪು ಹಸಿಮೆಣಸಿನಕಾಯಿಯೂ ಆದೀತು, ಹಕ್ಕಿಗಳಿಗೆ ಖಾರ ತಗಲುವುದಿಲ್ಲ. ದಿನಕ್ಕೆ ಒಂದು ಟೀ ಚಮಚ ಸಾಕು, ಬೆಳಗ್ಗೆ ಕಾಳಿಗಿಂತ ಮೊದಲು ಇಡಿ. ಮೊದಲ ವಾರ ಮುಟ್ಟದಿದ್ದರೂ ಬಿಡಬೇಡಿ, ಕಾಳನ್ನು ಪೂರ್ತಿ ನಿಲ್ಲಿಸಲೂ ಬೇಡಿ.

ಕೊರತೆ ಎಂದ ಕೂಡಲೇ ವಿಟಮಿನ್ ಹನಿಯ ಬಾಟಲಿಗೆ ಕೈ ಹಾಕುವವರಿಗೆ ಒಂದು ಎಚ್ಚರಿಕೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು ಕಾಕಟೀಲ್‌ಗಳ ಮೇಲೇ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡ ಹಕ್ಕಿಗಳಿಗೆ ವಿಟಮಿನ್ ಎ ಕೊರತೆಗಿಂತ ಅತಿಯಾದದ್ದೇ ಹೆಚ್ಚು ಬಾಧಿಸಿತು. ಅತಿಯಾದಾಗ ಕೂಗಿನ ರೀತಿಯೂ ಬದಲಾಯಿತು. ತರಕಾರಿಯಲ್ಲಿರುವ ಕ್ಯಾರೋಟಿನ್ ಅನ್ನು ದೇಹ ಬೇಕಾದಷ್ಟೇ ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುತ್ತದೆ. ಬಾಟಲಿಯ ಹನಿಗೆ ಆ ಕಡಿವಾಣವಿಲ್ಲ.

ಇವಲ್ಲದೆ ಅಯೋಡಿನ್ ಕೊರತೆಯಿಂದ ಥೈರಾಯ್ಡ್ ಗ್ರಂಥಿ ಊದಿ ಶ್ವಾಸನಾಳವನ್ನು ಒತ್ತುವುದುಂಟು. ಇದು ಬಜರಿಗಾರ್ ಎಂಬ ಪುಟ್ಟ ಗಿಳಿಗಳಲ್ಲಿ ಹೆಚ್ಚು, ಕಾಕಟೀಲ್‌ನಲ್ಲಿ ಅಪರೂಪ. ಕೊಬ್ಬಿದ, ವಯಸ್ಸಾದ ಹಕ್ಕಿಯಲ್ಲಿ ಯಕೃತ್ತೋ ಹೃದಯವೋ ಕೆಟ್ಟು ಉಸಿರು ಸಾಲದೆ ದನಿ ಕುಗ್ಗಬಹುದು.

ಹೊಗೆಯ ಮಾತು

ಹಕ್ಕಿಯ ಶ್ವಾಸಕೋಶ ಗಾಳಿಯಿಂದ ಆಮ್ಲಜನಕ ಹೀರುವುದರಲ್ಲಿ ನಮ್ಮದಕ್ಕಿಂತ ಚುರುಕು. ವಿಷ ಹೀರುವುದರಲ್ಲೂ ಅಷ್ಟೇ ಚುರುಕು. ಅಗರಬತ್ತಿ, ಧೂಪ, ಕರ್ಪೂರ, ಸೊಳ್ಳೆಬತ್ತಿ, ರೂಮ್ ಫ್ರೆಶ್‌ನರ್, ಫಿನಾಯಿಲ್, ಹಬ್ಬಕ್ಕೆ ಮುಂಚಿನ ಸುಣ್ಣಬಣ್ಣ, ದೀಪಾವಳಿಯ ಪಟಾಕಿ ಎಲ್ಲವೂ ಶ್ವಾಸನಾಳವನ್ನು ಕೆರಳಿಸಬಲ್ಲವು. ದನಿ ಒಡೆದ ಹಕ್ಕಿಯನ್ನು ತೋರಿಸುವಾಗ ಕಳೆದ ಒಂದು ವಾರದಲ್ಲಿ ಮನೆಯಲ್ಲಿ ಏನೇನು ಉರಿಸಿದಿರಿ, ಸಿಂಪಡಿಸಿದಿರಿ ಎಂದು ನೆನಪಿಸಿಕೊಳ್ಳಿ. ದೇವರಕೋಣೆ, ಅಡುಗೆಮನೆಯ ಪಕ್ಕ ಪಂಜರ ಬೇಡ. ಸೊಳ್ಳೆಗೆ ಪಂಜರದ ಮೇಲೆ ಪರದೆ ಹಾಕುವುದೇ ಮೇಲು.

ನಾನ್‌ಸ್ಟಿಕ್ ಕಾವಲಿ, ಬಾಣಲೆಯದ್ದು ಬೇರೆಯೇ ಅಪಾಯ. ಖಾಲಿ ಕಾವಲಿ ಒಲೆಯ ಮೇಲೆ ಮರೆತು 280 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಲೇಪನದಿಂದ ಬರುವ ಅನಿಲ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ, ನಮಗೆ ವಾಸನೆಯೂ ಸರಿಯಾಗಿ ಬಂದಿರುವುದಿಲ್ಲ. ಹಕ್ಕಿಯಿರುವ ಮನೆಗೆ ಕಬ್ಬಿಣದ ಕಾವಲಿಯೇ ವಾಸಿ.

ಮನೆಯಲ್ಲೇ ನೋಡಬೇಕಾದದ್ದು

ತೂಕವೇ ಎಲ್ಲಕ್ಕಿಂತ ನಂಬಿಕೆಯ ಸಾಕ್ಷಿ. ಒಂದು ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಬೆಳಗ್ಗೆ ಹಿಕ್ಕೆ ಹಾಕಿದ ಮೇಲೆ, ಕಾಳು ತಿನ್ನುವ ಮೊದಲು, ತಕ್ಕಡಿಯ ಮೇಲೆ ಸಣ್ಣ ಡಬ್ಬಿ ಇಟ್ಟು ಸೊನ್ನೆ ಮಾಡಿ ಹಕ್ಕಿಯನ್ನು ಕೂರಿಸಿ. ಚೆನ್ನಾಗಿರುವಾಗ ವಾರಕ್ಕೊಮ್ಮೆ, ಅನುಮಾನವಿದ್ದಾಗ ದಿನವೂ. 90 ಗ್ರಾಂ ಇದ್ದದ್ದು 81ಕ್ಕೆ ಬಂದರೆ ಹತ್ತನೇ ಒಂದು ಪಾಲು ಕರಗಿದೆ, ಗರಿಯ ದಪ್ಪದಲ್ಲಿ ಅದು ಕಣ್ಣಿಗೆ ಕಾಣುವುದೇ ಇಲ್ಲ.

ಹಿಕ್ಕೆ ನೋಡಲು ತಳಕ್ಕೆ ಬಿಳಿ ಕಾಗದ ಹಾಸಿ. ಹಸಿರು ಎಳೆ, ಬಿಳಿ ಮುದ್ದೆ, ಸುತ್ತ ತಿಳಿನೀರು, ಮೂರೂ ಇದ್ದರೆ ಸರಿ. ಬಿಳಿ ಭಾಗಕ್ಕೆ ಬಣ್ಣ ಬಂದರೆ, ಹಿಕ್ಕೆಯೇ ಕಡಿಮೆಯಾದರೆ ಗಮನಿಸಿ.

ಉಸಿರನ್ನು ದೂರದಿಂದ, ಹಕ್ಕಿಗೆ ಗೊತ್ತಾಗದಂತೆ ನೋಡಿ. ಕೊಕ್ಕು ಮುಚ್ಚಿರಬೇಕು, ಬಾಲ ಅಲುಗಬಾರದು. ಪ್ರತಿ ಉಸಿರಿಗೂ ಬಾಲ ಏರಿಳಿದರೆ ಅದು ಕಷ್ಟಪಟ್ಟು ಉಸಿರಾಡುತ್ತಿದೆ. ದಿನಕ್ಕೆ ಒಂದೆರಡು ಸಲ ಒಣ ಸೀನು ಬಂದರೆ ತಪ್ಪಿಲ್ಲ, ಕಾಕಟೀಲ್‌ನ ಮೈಯಿಂದ ಬಿಳಿ ಪುಡಿ ಉದುರುತ್ತಲೇ ಇರುತ್ತದೆ. ಸೀನಿನ ಜೊತೆ ಸಿಂಬಳವಿದ್ದರೆ, ಮೂಗಿನ ಮೇಲಿನ ಗರಿ ಒದ್ದೆಯಾಗಿದ್ದರೆ ಕಾಯಿಲೆ.

ಮೊಬೈಲಿನಲ್ಲಿ ದನಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಹೆದರಿದ ಹಕ್ಕಿ ಒಂದು ಸದ್ದೂ ಮಾಡುವುದಿಲ್ಲ. ಮೊದಲು ಹಾಡುತ್ತಿದ್ದ ಹಳೆಯ ವಿಡಿಯೋ, ಈಗಿನದು ಎರಡನ್ನೂ ತೋರಿಸಿದರೆ ವೈದ್ಯರ ಕೆಲಸ ಅರ್ಧ ಹಗುರ.

ವೈದ್ಯರ ಬಳಿಗೆ

ಕೊಕ್ಕು ತೆರೆದು ಉಸಿರಾಡುತ್ತಿದ್ದರೆ, ಬಾಲ ಆಡುತ್ತಿದ್ದರೆ, ಪಂಜರದ ತಳದಲ್ಲಿ ಕೂತಿದ್ದರೆ ಅದೇ ಗಂಟೆ ಹೊರಡಿ. ದಿನವಿಡೀ ಏನೂ ತಿನ್ನದಿದ್ದರೆ, ತೂಕ ಹತ್ತರಲ್ಲೊಂದು ಪಾಲು ಇಳಿದಿದ್ದರೆ ಆ ದಿನವೇ. ಬೇರೇನೂ ಇಲ್ಲದೆ ದನಿ ಮಾತ್ರ ಒಡೆದಿದ್ದರೆ ಒಂದೆರಡು ದಿನದೊಳಗೆ. ಬರೀ ಮೌನ, ಊಟ ತೂಕ ಹಿಕ್ಕೆ ಎಲ್ಲ ಸರಿ ಎಂದಾದರೆ ಒಂದು ವಾರ ದಿನವೂ ತೂಗುತ್ತ ನೋಡಬಹುದು.

ನಾಯಿ ಬೆಕ್ಕು ನೋಡುವ ಎಲ್ಲರೂ ಹಕ್ಕಿಯನ್ನು ನೋಡುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿ. ಹತ್ತಿರ ಯಾರೂ ಇಲ್ಲದಿದ್ದರೆ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳನ್ನು ವಿಚಾರಿಸಿ. ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗಗಳಲ್ಲಿ ಅಂಥ ಕಾಲೇಜುಗಳಿವೆ. ಚಿಕ್ಕ ಪಂಜರ ಅಥವಾ ಗಾಳಿಯಾಡುವ ರಟ್ಟಿನ ಪೆಟ್ಟಿಗೆ, ತಳಕ್ಕೆ ಜಾರದ ಬಟ್ಟೆ, ಮೂರು ಬದಿ ಮುಚ್ಚಿಗೆ. ನೀರಿನ ಬಟ್ಟಲು ಬೇಡ, ಚೆಲ್ಲಿ ಮೈ ಒದ್ದೆಯಾಗುತ್ತದೆ. ಸೌತೆಕಾಯಿಯ ಒಂದು ತುಂಡು ಸಾಕು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಂದು ಪಕ್ಕಕ್ಕೆ ಇಡಿ, ಪೆಟ್ಟಿಗೆಯೊಳಗೆ 28–30 ಡಿಗ್ರಿ ಇರಲಿ. ಬಿಸಿಯಾದರೆ ಸರಿದು ಕೂರಲು ಇನ್ನೊಂದು ಪಕ್ಕ ಖಾಲಿ ಬಿಡಿ. ಆ ಬೆಳಗಿನ ಹಿಕ್ಕೆಯ ಕಾಗದವನ್ನೂ ಕವರಿನಲ್ಲಿ ಒಯ್ಯಿರಿ.

ಹೊರಡುವ ಮೊದಲು ಮನೆಮದ್ದು ಬೇಡ. ಜೇನು, ತುಳಸಿರಸ, ಶುಂಠಿ ಯಾವುದನ್ನೂ ಕೊಕ್ಕು ತೆರೆಸಿ ಹನಿಸಬಾರದು. ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ಇದೆ, ಹನಿ ಸೀದಾ ಒಳಗೆ ಹೋಗುತ್ತದೆ. ಮಕ್ಕಳ ಕೆಮ್ಮಿನ ಸಿರಪ್, ಅಂಗಡಿಯವರು ಚೀಟಿಯಿಲ್ಲದೆ ಕೊಡುವ ಪುಡಿ ಇವೂ ಬೇಡ. ಅರ್ಧಂಬರ್ಧ ಆ್ಯಂಟಿಬಯೋಟಿಕ್ ಕೊಟ್ಟರೆ ಕಾಯಿಲೆ ವಾಸಿಯಾಗದೆ ಪರೀಕ್ಷೆಯಲ್ಲಿ ಮಾತ್ರ ಮರೆಯಾಗುತ್ತದೆ.

ವೈದ್ಯರು ತೂಗಿ, ಬಾಯೊಳಗೆ ನೋಡಿ, ಎಕ್ಸ್‌ರೇ, ರಕ್ತ, ಗಂಟಲಿನ ಅಥವಾ ಹಿಕ್ಕೆಯ ಮಾದರಿಯ ಪಿಸಿಆರ್ ಪರೀಕ್ಷೆ ಹೇಳಬಹುದು. ಕಾಳು ತೆಗೆದ ಹಕ್ಕಿಗೆ ದನಿ ಬೇಗ ಬರುತ್ತದೆ. ಆಹಾರದಿಂದ ಕೆಟ್ಟದ್ದು ಸರಿಯಾಗಲು ವಾರಗಳು ಬೇಕು. ಬೂಷ್ಟಿನ ಗಂಟಿಗೆ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ, ವಾಸಿಯಾದ ಮೇಲೂ ಕೆಲವು ಹಕ್ಕಿಗಳ ದನಿ ಒರಟಾಗಿಯೇ ಉಳಿಯುತ್ತದೆ. ಹಕ್ಕಿಗೆ ಗಿಳಿಜ್ವರ ಎಂದು ತಿಳಿದರೆ ಪಂಜರವನ್ನು ಒಣಗಿದ್ದಾಗ ಗುಡಿಸದೆ, ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ಒರೆಸಿ ತೆಗೆಯಿರಿ. ಮನೆಯಲ್ಲಿ ಯಾರಿಗಾದರೂ ಜ್ವರ, ತಲೆನೋವು, ಒಣಕೆಮ್ಮು ಬಂದರೆ ಡಾಕ್ಟರಿಗೆ ಮೊದಲ ಮಾತಿನಲ್ಲೇ ಮನೆಯಲ್ಲಿ ಹಕ್ಕಿಯಿದೆ ಎಂದು ಹೇಳಿ. ಅವರಾಗಿ ಆ ಪ್ರಶ್ನೆ ಕೇಳುವುದು ಕಡಿಮೆ.